ಬೂದಿಹುಳ ಉಳಿಯಿತು, ಬೂದುಕೊರಳ ಹೋಯಿತು

ಸೇಬಿನ ತೋಟದವರು ಮದ್ದು ಹೊಡೆಯುವ ಹೆಂಗಸರಿಗೆ ಕೊನೆಯ ಹಂಗಾಮಿನ ಕೂಲಿ ಇನ್ನೂ ಕೊಟ್ಟಿಲ್ಲ. ತೋಟ ಮುಚ್ಚಿತು, ಮರ ಕಡಿದರು, ಸೈಟು ಮಾಡಿ ಮಾರಿದರು. ಸೈಟುಗಳಲ್ಲಿ ಮನೆ ಎದ್ದವು, ಆ ಮನೆಗಳಲ್ಲಿ ಹುಟ್ಟಿದ ಮಕ್ಕಳು ಈಗ ಸೈಕಲ್ ತುಳಿಯುತ್ತಿದ್ದಾರೆ. ಕೂಲಿ ಮಾತ್ರ ಇವತ್ತು ನಾಳೆ ಅನ್ನುತ್ತಲೇ ಇದೆ. ಆ ಹೆಂಗಸರಲ್ಲೊಬ್ಬಳಾದ ಸಿಳ್ಳೆಕ್ಕ ಈಗ ಅದನ್ನು ಕೇಳುವುದನ್ನೂ ಬಿಟ್ಟಿದ್ದಾಳೆ. ಅವಳು ಪಟ್ಟು ಹಿಡಿದಿರುವುದು ಬೇರೆ ಬಾಕಿಗೆ. ಪಾರ್ಕಿನಲ್ಲಿ ನಿಲ್ಲಿಸಿರುವ ಕಲ್ಲಿನ ಹಕ್ಕಿಯ ಕೆಳಗೆ ಒಂದು ಸಾಲು ಕೆತ್ತಬೇಕು. ಕಲ್ಲುಕುಟಿಗನಿಗೆ ಅದು ಅರ್ಧ ದಿನದ ಕೆಲಸ.

ಸಿಳ್ಳೆಕ್ಕ ಅನ್ನುವುದು ಜನ ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಇದೆ. ನರ್ಸು ಕೂಗಿದರೆ ಅವಳೇ ಒಂದು ಸಲ ಹಿಂದೆ ಮುಂದೆ ನೋಡುತ್ತಾಳೆ, ಇದ್ಯಾರಪ್ಪಾ ಅಂತ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಎರಡನೇ ಮಹಡಿಯ ಒಂದೇ ಕೋಣೆ ಅವಳ ಮನೆ. ಮೆಟ್ಟಿಲ ನಡುವೆ ಹಳೇ ಸ್ಟೂಲೊಂದು ಇಟ್ಟಿದ್ದಾಳೆ, ಹತ್ತುವಾಗ ಕೂತು ಉಸಿರು ಹಿಡಿಯುವುದಕ್ಕೆ. ಆ ಸ್ಟೂಲಿಗೆ ಓಣಿಯ ಹುಡುಗರು ಕಾಲು ತಾಗಿಸಿದರೆ ಅವರ ಏಳು ತಲೆಮಾರಿನ ಜನ್ಮ ಜಾಲಾಡುತ್ತಾಳೆ. ಉಸಿರು ಕಡಿಮೆಯಾಗಿರಬಹುದು, ಬೈಗುಳಕ್ಕೆ ಮೀಸಲು ಇಟ್ಟುಕೊಂಡಿದ್ದಾಳೆ. ಎರಡೂ ಭುಜದ ಮೇಲೆ ಬೆಲ್ಟಿನಗಲದ ಕಪ್ಪು ಪಟ್ಟಿಗಳಿವೆ. ಇಪ್ಪತ್ತು ವರ್ಷ ಬೆನ್ನಿಗೆ ಹೊತ್ತ ಮದ್ದಿನ ಪಂಪು ಬಿಟ್ಟುಹೋದ ಗುರುತು, ಯಾವ ಸೋಪಿಗೂ ಹೋಗಿಲ್ಲ.

ತೋಟದ ಕೆಲಸ ಹೀಗಿತ್ತು. ಗಾಳಿ ಏಳುವ ಮುಂಚೆ, ಬೆಳಕು ಹರಿಯುವಾಗ, ತಗಡಿನ ಶೆಡ್ಡಿನ ಮುಂದೆ ಹೆಂಗಸರು ಸೇರುತ್ತಿದ್ದರು. ಡ್ರಮ್ಮಿನ ನೀರಿಗೆ ಮುಚ್ಚಳದಲ್ಲಿ ಅಳೆದು ಮದ್ದು ಸುರಿದರೆ ನೀರೆಲ್ಲ ಬೆಳ್ಳಗಾಗುತ್ತಿತ್ತು. ಅದಕ್ಕೆ ಅವರು ಹಾಲು ಅನ್ನುತ್ತಿದ್ದರು. “ಬನ್ರೇ, ಎಮ್ಮೆ ಸೊರ ಬಿಟ್ಟಿದೆ, ಹಾಲ್ ಕರ್ಕೊಂಡ್ ಹೋಗೋಣ” ಅಂತ ಸಿಳ್ಳೆಕ್ಕನ ನಾದಿನಿ ದಿನಾ ಅದೇ ಜೋಕು ಹೊಡೆಯುತ್ತಿದ್ದಳು. ದಿನಾ ಯಾರಾದರೂ ನಗುತ್ತಿದ್ದರು. ಹಾಲು ತುಂಬಿದ ಪಂಪು ಬೆನ್ನಿಗೇರಿಸಿ, ಎಡಗೈಲಿ ಹಿಡಿಕೆ ಒತ್ತುತ್ತ, ಬಲಗೈಲಿ ಕೊಳವೆ ಹಿಡಿದು ಸಾಲಿಗೊಬ್ಬಳಂತೆ ಮರಗಳ ನಡುವೆ ನುಗ್ಗುತ್ತಿದ್ದರು. ಹೊಡೆಯಬೇಕಾದ್ದು ಕಂಬಳಿಹುಳಕ್ಕೆ. ಬೂದಿಹುಳ ಅಂತ ಕರೆಯುವ ಒಂದು ಪತಂಗವಿದೆ, ಅದರ ಮರಿ ಈ ಕಂಬಳಿಹುಳ. ಬಿಟ್ಟರೆ ವಾರದೊಳಗೆ ಮರವನ್ನು ಬೋಳು ಪೊರಕೆ ಮಾಡಿಬಿಡುತ್ತಿತ್ತು.

ಮದ್ದಿನ ಮಂಜು ಎದ್ದಮೇಲೆ ಪಕ್ಕದ ಸಾಲಿನಲ್ಲಿರುವವಳು ಕಾಣುತ್ತಿರಲಿಲ್ಲ. ಒಬ್ಬಳು ಮುಂದೆ ಹೋದರೆ, ಒಬ್ಬಳು ಹಿಂದೆ ಉಳಿದರೆ, ಇವಳ ಕೊಳವೆ ಅವಳ ಮುಖಕ್ಕೆ. ಕೂಗಿ ಹೇಳೋಣವೆಂದರೆ ಮೇಸ್ತ್ರಿಗೆ ಮಾತು ಆಗುತ್ತಿರಲಿಲ್ಲ. “ಬಾಯಿ ಆಡಿದ್ರೆ ಕೈ ನಿಲ್ಲತ್ತೆ” ಅನ್ನುವುದು ಅವನ ವೇದಾಂತ. ಕೂಗಿದವಳ ಅರ್ಧ ದಿನ ಕಟ್.

ಆಗ ಸಿಳ್ಳೆಕ್ಕ ಒಂದು ಉಪಾಯ ಮಾಡಿದಳು. ತೋಟದಲ್ಲಿ ಬೂದುಕೊರಳ ಅನ್ನುವ ಹಕ್ಕಿಯಿತ್ತು. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಬೂದಿ ಬಣ್ಣದ ಕೊರಳು, ಎದೆಗೆ ತುಕ್ಕಿನ ಬಣ್ಣದ ಒಂದು ಗೆರೆ. ನೋಡಲು ಏನೇನೂ ಇಲ್ಲ, ಬಾಯಿ ತೆರೆದರೆ ಮಾತ್ರ ಕೈಲಿದ್ದ ಕೆಲಸ ಬಿಟ್ಟು ಕೇಳಬೇಕು. ಮೊದಲು ಉದ್ದಕ್ಕೆ ಎಳೆದ ಒಂದು ಸಿಳ್ಳೆ, ಆಮೇಲೆ ಮೆಟ್ಟಿಲು ಹತ್ತಿದಂತೆ ಎರಡು, ಕೊನೆಗೆ ಬಾಗಿಲ ಕೀಲು ತಿರುಗಿದಂಥ ಒಂದು ಕಿರುಗು. ಸಿಳ್ಳೆಕ್ಕ ಅದನ್ನು ಪಟ್ಟಾಗಿ ಕಲಿತಳು. ಮಂಜಿನೊಳಗಿಂದ ಅವಳು ಹಕ್ಕಿಯಾಗಿ ಕೂಗಿದರೆ “ನಾನು ಇಲ್ಲಿದ್ದೀನಿ” ಅಂತ. ಪಕ್ಕದ ಸಾಲಿನವಳು ಹಾಗೇ ಕೂಗಿದರೆ “ನಾನೂ ಇದ್ದೀನಿ” ಅಂತ. ಮೇಸ್ತ್ರಿ ಯಾರ ಕೂಲಿ ಕಡಿಯುತ್ತಾನೆ? ಹಕ್ಕಿಯದೇ?

ಒಂದೆರಡು ತಿಂಗಳಲ್ಲಿ ಎಲ್ಲರೂ ಕಲಿತರು. ನಾದಿನಿಗೆ ಮಾತ್ರ ಹಲ್ಲಿನ ಸಂದಿಯಿಂದ ಗಾಳಿ ಸೋರಿ, ಅವಳ ಬೂದುಕೊರಳ ನೆಗಡಿ ಹಿಡಿದಂತೆ ಕೂಗುತ್ತಿತ್ತು. ಆಮೇಲೆ ಹಕ್ಕಿಯ ಕೂಗಿಗೆ ಇವರೇ ಒಂದು ಬಾಲ ಅಂಟಿಸಿದರು. ಕಿರುಗು ಮುಗಿದ ಮೇಲೆ ಎರಡು ಚಿಕ್ಕ ಕುಟುಕು, ಟಿಕ್ ಟಿಕ್. ಅದರ ಅರ್ಥ: ಮೇಸ್ತ್ರಿ ಬರ್ತಾ ಇದ್ದಾನೆ, ಬಗ್ಗಿ ಕೆಲಸ ಮಾಡ್ರೇ. ಈ ಬಾಲ ಯಾವ ಹಕ್ಕಿಗೂ ಇರಲಿಲ್ಲ.

ಒಂದೇ ತೊಂದರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಿಳ್ಳೆ ಹಾಕಲಾಗದು. ಸಿಳ್ಳೆ ಹಾಕಬೇಕಾದಾಗ ಬಟ್ಟೆ ಕೆಳಗೆ ಎಳೆಯಬೇಕು, ದೀರ್ಘವಾಗಿ ಉಸಿರು ತಗೋಬೇಕು. ಆ ಹಾಲಿನ ಮಂಜಿನಲ್ಲಿ, ಸಾಲಿಗೆ ಹತ್ತು ಸಲ. ತೋಟದ ಬೇರೆ ಕೂಲಿಗಳಿಗಿಂತ ಈ ತಂಡದ ಹೆಂಗಸರೇ ಹೆಚ್ಚು ಕೆಮ್ಮಿದ್ದು ಯಾಕೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಸಿಳ್ಳೆಕ್ಕನಿಗೆ ಹೊಳೆದಾಗ ಅವಳ ಸಿಳ್ಳೆ ಅರ್ಧಕ್ಕೆ ನಿಲ್ಲಲು ಶುರುವಾಗಿತ್ತು.

ಮೊದಲ ವರ್ಷಗಳಲ್ಲಿ ಇವರು ಕೂಗಿದರೆ ನಿಜವಾದ ಹಕ್ಕಿಯೂ ಓಗೊಡುತ್ತಿತ್ತು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದಕ್ಕೆ ಸಿಟ್ಟು. “ನೋಡೇ ಅತ್ತಿಗೆ, ನಿನ್ನ ಮೇಲೆ ಜಗಳಕ್ಕೆ ಬಂದಿದೆ” ಅಂತ ನಾದಿನಿ ನಗುತ್ತಿದ್ದಳು. ಆಮೇಲೆ ಅದು ಯಾವಾಗ ನಿಂತಿತು ಅಂತ ಯಾರಿಗೂ ಗೊತ್ತಿಲ್ಲ. ತೋಟದ ತುಂಬ ಬೂದುಕೊರಳ ಕೂಗುತ್ತಲೇ ಇತ್ತಲ್ಲ! ಒಬ್ಬಳು ಕೂಗಿದರೆ ಇನ್ನೊಬ್ಬಳು. ಕೂಗುವವರ ಕಿವಿಗೇ ಹಕ್ಕಿ ಇಲ್ಲದ್ದು ಬೀಳಲಿಲ್ಲ.

ತೋಟ ಮುಚ್ಚಿದಾಗ ಹೆಂಗಸರು ಗೇಟಿನ ಮುಂದೆ ಕೂತರು. ಬಿಸಿಲಿಗೆ ಕೂತರು, ಮಳೆಗೆ ಕೂತರು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರೆ ವ್ಯಾನಿನಲ್ಲೇ ಸಿಳ್ಳೆ ಹಾಕಿದರು. ಎರಡು ಬೇಡಿಕೆ: ಕೂಲಿ ಕೊಡಿ, ಕೆಮ್ಮಿಗೆ ಔಷಧ ಕೊಡಿಸಿ. ತೋಟದ ಡಾಕ್ಟರು ಒಬ್ಬೊಬ್ಬರ ಎದೆಗೂ ಕೊಳವೆ ಇಟ್ಟು ನೋಡಿ, ಇದು ಅಡಿಗೆಮನೆಯ ಹೊಗೆ ಅಂದ. “ನಮ್ಮನೇಲಿ ಗ್ಯಾಸ್ ಒಲೆ ಇದೆ ಸ್ವಾಮಿ, ನಿಮ್ಮ ಹೆಂಡ್ತಿ ಎದೇನೂ ಒಂದ್ಸಲ ನೋಡಿ” ಅಂತ ಸಿಳ್ಳೆಕ್ಕ ಅಂದಳು. ಕಾರ್ಮಿಕರ ಕಚೇರಿಯಲ್ಲಿ ತೋಟದವರು ನೆಟ್ಟಗೆ ಸುಳ್ಳು ಹೇಳಿದರು: ನಾವು ಹೊಡೆಸಿದ್ದು ಸೋಪಿನ ನೀರು, ಮದ್ದಲ್ಲ. ಶೆಡ್ಡು ಆಗಲೇ ನೆಲಸಮ. ಡ್ರಮ್ಮುಗಳು ಗುಜರಿಗೆ. ಮದ್ದು ಹೊಡೆದದ್ದಕ್ಕೆ ಗುರುತು ಏನಿದೆ ಅಂತ ಸಾಹೇಬರು ಕೇಳಿದರೆ ಹೆಂಗಸರು ಕೆಮ್ಮಿ ತೋರಿಸಬೇಕಾಯಿತು. ಕೆಮ್ಮು ಗುರುತಿಗೆ ಬರುವುದಿಲ್ಲವಂತೆ. ಅಲ್ಲಿಗೆ ಕಡತ ಮುಚ್ಚಿದರು. ಬರಬರುತ್ತ ಆ ತಂಡದಲ್ಲಿ ನಾಲ್ವರು ಉಳಿದರು.

ಇಷ್ಟೆಲ್ಲ ಆಗಿ ಎಷ್ಟೋ ಕಾಲದ ಮೇಲೆ ಹುಳದ ಮೇಡಂ ಮೆಟ್ಟಿಲು ಹತ್ತಿ ಬಂದದ್ದು. ಹುಳಗಳ ಬಗ್ಗೆ ಓದಿದವಳು, ಕಾಲೇಜಿನಲ್ಲಿ ಪಾಠ ಮಾಡುವವಳು. ಬೂದಿಹುಳದ ಹಿಂದೆ ಬಿದ್ದಿದ್ದಳು. ತೋಟದಲ್ಲಿ ಮದ್ದು ಹೊಡೆದವರು ಯಾರಾದರೂ ಬದುಕಿದ್ದಾರಾ ಅಂತ ಕೇಳುತ್ತ ಕೇಳುತ್ತ ಬಂದು, ನಡುಮೆಟ್ಟಿಲ ಸ್ಟೂಲಿನ ಮೇಲೆ ಕೂತಿದ್ದ ಸಿಳ್ಳೆಕ್ಕನ ಹತ್ತಿರವೇ ದಾರಿ ಕೇಳಿದಳು.

“ಅವಳ ಮನೆ ಮೇಲಿದೆ. ಅವಳು ಇಲ್ಲಿದ್ದಾಳೆ. ಕೂತ್ಕೊಳ್ಳಿ, ನಾನು ಹತ್ತೋದು ತಡ ಆಗತ್ತೆ” ಅಂದಳು ಸಿಳ್ಳೆಕ್ಕ.

ಕೋಣೆಯಲ್ಲಿ ಚಹಾ ಕುದಿಯುವಷ್ಟರಲ್ಲಿ ಮೇಡಂ ಹಾಸಿಗೆಯ ಮೇಲೆ ಒಂದು ಪುಟ್ಟ ಡಬ್ಬಿ ತೆರೆದಿಟ್ಟಳು. ಒಳಗೆ ಪಿನ್ನು ಚುಚ್ಚಿ ಒಣಗಿಸಿದ ಬೂದಿಹುಳ. ಪಕ್ಕದಲ್ಲಿ ಬೂದುಕೊರಳ ಹಕ್ಕಿಯ ಫೋಟೋ. ಯಾವುದೋ ಮ್ಯೂಸಿಯಮ್ಮಿನಲ್ಲಿ ಹತ್ತಿ ತುಂಬಿ ಮಲಗಿಸಿದ್ದು, ಕಣ್ಣಿನ ಜಾಗದಲ್ಲೂ ಹತ್ತಿ. ಅದೇ ಕೋಣೆಯಲ್ಲಿ ಜೊತೆಗಿದ್ದ ನಾದಿನಿ ಒಲೆಯ ಹತ್ತಿರದಿಂದ ಬಂದು ಬಗ್ಗಿ ನೋಡಿದಳು.

“ಅಯ್ಯೋ ಅತ್ತಿಗೆ, ಎರಡೂ ಒಂದೇ ತಾನಿನ ಬಟ್ಟೆ ಕಣೇ! ಗೆರೆ ನೋಡು, ಅದೇ ತುಕ್ಕು.”

“ಹೌದಮ್ಮ, ಎರಡಕ್ಕೂ ಸೇಬಿನ ತೊಗಟೆ ಬಣ್ಣ” ಅಂದಳು ಮೇಡಂ. “ಹುಳ ಹಕ್ಕಿಯಿಂದ ಬಚ್ಚಿಟ್ಟುಕೊಳ್ಳೋಕೆ ಆ ಬಣ್ಣ, ಹಕ್ಕಿ ಗಿಡುಗನಿಂದ ಬಚ್ಚಿಟ್ಟುಕೊಳ್ಳೋಕೆ. ಒಂದೇ ಮರ, ಒಂದೇ ಕೊಂಬೆ. ಹಕ್ಕಿ ತನ್ನ ಮರಿಗಳಿಗೆ ಈ ಕಂಬಳಿಹುಳ ಬಿಟ್ರೆ ಬೇರೆ ಏನೂ ಹಾಕ್ತಿರ್ಲಿಲ್ಲ.”

“ಮತ್ತೆ ಎರಡೂ ಕುಡಿದದ್ದು ನಮ್ಮ ಹಾಲೇ. ಹುಳ ಈಗಲೂ ಬೀದಿ ದೀಪಕ್ಕೆ ಮುತ್ತತ್ತೆ. ಹಕ್ಕಿ ಯಾಕೆ ಹೋಯ್ತು?” ಅಂದಳು ಸಿಳ್ಳೆಕ್ಕ.

ಮೇಡಂ ಬೆರಳು ಮಡಚಿ ಹೇಳುತ್ತ ಹೋದಳು. ಬೂದಿಹುಳದ ಹೆಣ್ಣು ಒಂದು ಸಲಕ್ಕೆ ಮುನ್ನೂರು ಮೊಟ್ಟೆ ಇಡುತ್ತದೆ, ವರ್ಷಕ್ಕೆ ಮೂರು ತಲೆಮಾರು. ಮದ್ದಿಗೆ ನೂರರಲ್ಲಿ ತೊಂಬತ್ತೊಂಬತ್ತು ಸತ್ತರೂ ಒಂದು ಗಟ್ಟಿಪಿಂಡ ಉಳಿಯುತ್ತದೆ. ಅದರ ಮಕ್ಕಳೂ ಗಟ್ಟಿಪಿಂಡ. ಕೆಲವೇ ವರ್ಷಕ್ಕೆ ಮದ್ದು ಅವಕ್ಕೆ ಮಳೆನೀರು. ಹಕ್ಕಿಯದು ವರ್ಷಕ್ಕೊಂದು ಗೂಡು, ಮೂರು ಮೊಟ್ಟೆ. ಸಾಯದೆ ಉಳಿದ ಹುಳದ ಹೊಟ್ಟೆ ತುಂಬ ಮದ್ದು. ಹಕ್ಕಿ ಅದನ್ನೇ ಹೆಕ್ಕಿ ಹೆಕ್ಕಿ ಮರಿಗಳಿಗೆ ತಿನ್ನಿಸಿತು. ಮರಿಗಳು ಗೂಡಿನಲ್ಲೇ ಸತ್ತವು. ಆಮೇಲೆ ಮೊಟ್ಟೆಯ ಸಿಪ್ಪೆಯೇ ತೆಳುವಾಗಿ, ಕಾವಿಗೆ ಕೂತರೆ ಒಡೆಯತೊಡಗಿತು.

“ಇನ್ನೊಂದು ವಿಷಯ” ಅಂದಳು ಮೇಡಂ. “ಬೂದಿಹುಳದ ಪತಂಗಕ್ಕೆ ಬಾಯೇ ಇಲ್ಲ. ರೆಕ್ಕೆ ಬಂದಮೇಲೆ ಅದು ತಿನ್ನಲ್ಲ, ಕುಡಿಯಲ್ಲ. ನಾಲ್ಕು ದಿನ ಹಾರಾಡಿ, ಮೊಟ್ಟೆ ಇಟ್ಟು ಸಾಯತ್ತೆ.”

ಸಿಳ್ಳೆಕ್ಕ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಳದ ಮುಖದಲ್ಲಿ ಬಾಯಿ ಇರಬೇಕಾದ ಜಾಗದಲ್ಲಿ ಒಂದಿಷ್ಟು ರೋಮ.

“ಬಾಯಿಲ್ಲದ್ದು ಉಳೀತು, ಹಾಡೋದು ಹೋಯ್ತು ಅನ್ನಿ” ಅಂದಳು. ಡಬ್ಬಿ ಕೆಳಗಿಟ್ಟು, “ನಾನು ಹೆತ್ತದ್ದು ಎರಡು. ಇವಳು ಹೆತ್ತದ್ದು ಒಂದು, ಅದೂ ಉಳೀಲಿಲ್ಲ. ನಾವು ಯಾವ ಕಡೆ ಅಂತ ಹೇಳೋಕೆ ಕಾಲೇಜಿಗೆ ಹೋಗ್ಬೇಕಿಲ್ಲ ಬಿಡಿ.”

ನಾದಿನಿ ಚಹಾದ ಪಾತ್ರೆಯ ಕಡೆ ತಿರುಗಿಕೊಂಡಳು. ಮೇಡಂ ಅವರನ್ನು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ಆ ಕಾರಣಕ್ಕೇ ಸಿಳ್ಳೆಕ್ಕನಿಗೆ ಅವಳು ಹಿಡಿಸಿದ್ದು.

ಮೇಡಂ ಬಂದಿದ್ದ ಕೆಲಸ ಬೇರೆ. ಹುಳ ಮದ್ದಿಗೆ ಜಗ್ಗದಂತೆ ಆದದ್ದು ಯಾವಾಗಿನಿಂದ ಅಂತ ಅವಳಿಗೆ ತಿಳಿಯಬೇಕಿತ್ತು. ಸಿಳ್ಳೆಕ್ಕ ವರ್ಷ ಹೇಳಲಿಲ್ಲ. “ಮಗಳು ಹೊಟ್ಟೇಲಿದ್ದಾಗ ಡ್ರಮ್ಮಿಗೆ ಒಂದು ಮುಚ್ಚಳ. ಅವಳು ಅಂಬೆಗಾಲಿಡೋವಾಗ ಎರಡು. ಸ್ಕೂಲಿಗೆ ಹೋಗೋ ಹೊತ್ತಿಗೆ ಮೇಸ್ತ್ರಿ ಮುಚ್ಚಳ ಬಿಸಾಕಿ ಲೋಟದಲ್ಲಿ ಸುರೀತಿದ್ದ” ಅಂದಳು. ಮೇಡಂ ಬರೆದುಕೊಂಡಳು. ಬರೆಯುತ್ತ, ಹಕ್ಕಿ ಎಣಿಸುವವರು ಬೂದುಕೊರಳನನ್ನು ಕೊನೆಯ ಸಲ ಗುರುತಿಸಿದ್ದು ಅದೇ ತೋಟದಲ್ಲಿ, ನಿಮ್ಮ ಮಗಳು ಸ್ಕೂಲಿಗೆ ಸೇರಿದ ಆಸುಪಾಸಿನಲ್ಲೇ, ಬೇಲಿಯಾಚೆ ನಿಂತು ಬಹಳ ಹಕ್ಕಿಗಳ ಕೂಗು ಕೇಳಿದರಂತೆ ಅಂದಳು.

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು.

“ಕೂಗು ಕೇಳಿದ್ರಾ, ಹಕ್ಕಿ ನೋಡಿದ್ರಾ?” ಅಂತ ಕೇಳಿದಳು ಸಿಳ್ಳೆಕ್ಕ.

“ಕೂಗು ಕೇಳಿದ್ರು.”

“ಅದ್ರಲ್ಲಿ ಒಂದಕ್ಕೆ ನೆಗಡಿ ಆಗಿತ್ತಾ ಕೇಳಿ” ಅಂದಳು ಸಿಳ್ಳೆಕ್ಕ. ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬೆನ್ನು ತಟ್ಟುತ್ತ ತಟ್ಟುತ್ತ ಸಿಳ್ಳೆಕ್ಕ ಮೇಡಂಗೆ ಸಾಲಿನ ಕತೆ, ಸಿಳ್ಳೆಯ ಕತೆ ಎಲ್ಲ ಹೇಳಿದಳು. ಮೇಡಂ ಮೊದಲು ನಕ್ಕಳು. ಆಮೇಲೆ ಪೆನ್ನು ಕೆಳಗಿಟ್ಟಳು. ಹಾಗಾದರೆ ಹಕ್ಕಿ ಹೋಗಿ ಎಷ್ಟೋ ವರ್ಷ ಆದಮೇಲೂ ಅದು ಚೆನ್ನಾಗಿದೆ ಅಂತ ಲೋಕವೆಲ್ಲ ನಂಬಿಕೊಂಡಿತ್ತು. ಅದಕ್ಕೆ ಕಾರಣ ಅದನ್ನು ಕೊಲ್ಲುವ ಪಂಪು ಹೊತ್ತ ಹೆಂಗಸರೇ.

ಸಿಳ್ಳೆಯ ಸುದ್ದಿ ಮೇಡಂ ಬಾಯಿಂದ ಪಾರ್ಕಿನ ಕಮಿಟಿಗೆ ತಲುಪಿತು. ಸೈಟು ಮಾರಿ ಉಳಿದ ಒಂದು ತುಂಡು ಜಾಗದಲ್ಲಿ, ಆರು ಮುದಿ ಸೇಬಿನ ಮರಗಳ ನಡುವೆ, ತೋಟದ ಯಜಮಾನನ ಮಗ ಒಂದು ಪಾರ್ಕು ಮಾಡಿಸಿದ್ದ. ಜನ ಅವನನ್ನು ಚಿಕ್ಕ ಧಣಿ ಅನ್ನುತ್ತಾರೆ, ವಯಸ್ಸು ಅರವತ್ತಾದರೂ. ಪಾರ್ಕಿನ ನಡುವೆ ಕಲ್ಲಿನ ಬೂದುಕೊರಳ ನಿಲ್ಲಿಸುವುದೆಂದು ತೀರ್ಮಾನ. ಅಪ್ಪ ಕೊಂದದ್ದಕ್ಕೆ ಮಗ ಗೋರಿ ಕಟ್ಟಿಸುತ್ತಿದ್ದಾನೆ ಅಂತ ನಾದಿನಿ ಆಡಿಕೊಂಡಳು. ಕಲ್ಲು ಹಾಡುವುದಿಲ್ಲವಲ್ಲ, ಅದಕ್ಕೆ ಬೆಳಿಗ್ಗೆ ಲೌಡ್‌ಸ್ಪೀಕರಿನಲ್ಲಿ ಹಕ್ಕಿಯ ಹಾಡು ಹಾಕಬೇಕೆಂದು ಅವನ ಆಸೆ. ಹಾಡು ಇದ್ದದ್ದು ಬಸ್ ಡಿಪೋದ ಹಿಂದೆ, ಎರಡನೇ ಮಹಡಿಯಲ್ಲಿ.

ಅಳಿಯನ ಕೈಲಿ ಹೇಳಿ ಕಳಿಸಿದರು. ಸಿಳ್ಳೆಕ್ಕನ ಮಗಳ ಗಂಡ ಅದೇ ಪಾರ್ಕಿನ ಕಾವಲುಗಾರ, ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಅವನು ಬಾಗಿಲಲ್ಲೇ ನಿಂತು ಟೋಪಿ ತಿರುಗಿಸುತ್ತ, “ಅತ್ತೆ, ಸಾಹೇಬರು ಒಂದು ಗೋಡೆ ಗಡಿಯಾರ ಕೊಡ್ತಾರಂತೆ” ಅಂದ.

“ನನ್ನ ಟೈಮ್ ಮುಗೀತಾ ಬಂದಿದೆ, ಗಡಿಯಾರ ನೋಡಿ ಏನ್ ಮಾಡ್ಲಿ? ನನಗೆ ಬೇಕಾದ್ದು ಬೇರೆ. ಹಕ್ಕಿ ಕೆಳಗೆ ಬರಹ ಹಾಕ್ತಾರಲ್ಲ, ಅದ್ರಲ್ಲಿ ಇದನ್ನ ಕೊಂದದ್ದು ತೋಟದ ಮದ್ದು ಅಂತ ಬರೀಲಿ. ಬರೆದ್ರೆ ಸಿಳ್ಳೆ.”

ಲೆಕ್ಕ ಅವಳಿಗೆ ಸ್ಪಷ್ಟವಿತ್ತು. ಹಕ್ಕಿ ಸತ್ತದ್ದು ಮದ್ದಿಗೆ ಅಂತ ತೋಟದ ಯಜಮಾನನ ಮಗನೇ ಕಲ್ಲಿನಲ್ಲಿ ಒಪ್ಪಿಕೊಂಡರೆ, ಸೋಪಿನ ನೀರಿನ ಸುಳ್ಳು ಅಲ್ಲಿಗೆ ಸತ್ತಿತು. ಅವನ ಕಲ್ಲೇ ಗುರುತು. ಮುಚ್ಚಿದ ಕಡತ ತೆರೆಯಲೇಬೇಕು. ತೆರೆದರೆ ಉಳಿದ ನಾಲ್ವರ ಎದೆಗೆ ಔಷಧ ಬರುತ್ತದೆ. ಆಗಲೇ ನಾದಿನಿಗೆ ಆಮ್ಲಜನಕದ ಸಿಲಿಂಡರು ಬಂದಿತ್ತು, ಅದೂ ಬಾಡಿಗೆಯದು.

ಚಿಕ್ಕ ಧಣಿ ಒಪ್ಪಿದ. “ಆಯ್ತಮ್ಮ, ಅದಕ್ಕೇನಂತೆ, ನೋಡೋಣ” ಅಂತ ಫೋನಿನಲ್ಲಿ ಅವನೇ ಹೇಳಿದ. ನೋಡೋಣ ಅನ್ನುವ ಮಾತಿಗೆ ಸಾವ್ಕಾರರ ಭಾಷೆಯಲ್ಲಿ ಏನು ಅರ್ಥ ಅಂತ ಗೇಟಿನ ಮುಂದೆ ಅಷ್ಟು ದಿನ ಕೂತವಳಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ನಾದಿನಿಯ ತುಟಿ ನೀಲಿಗಟ್ಟುತ್ತಿತ್ತು, ಕಾಯಲು ಹೊತ್ತಿರಲಿಲ್ಲ.

ಧ್ವನಿ ಹಿಡಿಯುವವನು ಪೆಟ್ಟಿಗೆ ಹೊತ್ತು ಕೋಣೆಗೆ ಬಂದ. ಕಿಟಕಿಗೆ ಕಂಬಳಿ ಕಟ್ಟಿದ, ಫ್ಯಾನು ನಿಲ್ಲಿಸಿದ. ಮೊದಲ ಸಲ ಸಿಳ್ಳೆಕ್ಕನ ಉಸಿರು ಸಿಳ್ಳೆಯ ಎರಡನೇ ಮೆಟ್ಟಿಲಿಗೆ ಕಡಿಯಿತು. ಎರಡನೇ ಸಲ ಕಿರುಗಿನ ಜಾಗದಲ್ಲಿ ಕೆಮ್ಮು ಬಂತು. ನೀರು ಕುಡಿದು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ತೋಟದ ಸಾಲು ನೆನೆದಳೋ ಏನೋ. ಮೂರನೇ ಸಲ ಬಂತು: ಉದ್ದಕ್ಕೆ ಎಳೆದದ್ದು, ಹತ್ತಿದ್ದು ಎರಡು, ಕಿರುಗು. ಅಷ್ಟರಲ್ಲಿ ಬಾಗಿಲಲ್ಲಿ ಪಾಲಿಶ್ ಮಾಡಿದ ಬೂಟು ಟಕಟಕ ಅಂದವು. ಚಿಕ್ಕ ಧಣಿ ನೋಡಲು ಬಂದಿದ್ದ. ಬೂಟಿನ ಸದ್ದು ಕೇಳಿದ್ದೇ ತಡ, ಸಿಳ್ಳೆಕ್ಕನ ನಾಲಿಗೆ ತನ್ನಷ್ಟಕ್ಕೆ ಟಿಕ್ ಟಿಕ್ ಅಂದಿತು.

“ಅದ್ಭುತ!” ಅಂದ ಧ್ವನಿಯವನು. ಚಿಕ್ಕ ಧಣಿಯೂ ತಲೆದೂಗಿದ. ನಾದಿನಿ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದಳು, ಬೆನ್ನು ಕುಲುಕುತ್ತಿತ್ತು. ಇನ್ನೊಮ್ಮೆ ಹಾಕುವಷ್ಟು ಉಸಿರು ಸಿಳ್ಳೆಕ್ಕನಲ್ಲಿ ಇರಲಿಲ್ಲ. ಅವಳೂ ಅದನ್ನು ಹಾಗೇ ಬಿಟ್ಟಳು.

ಉದ್ಘಾಟನೆಗೆ ಕುರ್ಚಿ ಹಾಕಿದ್ದರು. ಸೈಟು ಕೊಂಡು ಮನೆ ಕಟ್ಟಿದವರೆಲ್ಲ ಇಸ್ತ್ರಿಯ ಬಟ್ಟೆಯಲ್ಲಿ ಬಂದಿದ್ದರು. ಉಳಿದ ನಾಲ್ವರು ಹಿಂದಿನ ಸಾಲಿನಲ್ಲಿ. ನಾದಿನಿಯ ಮೂಗಿಗೆ ನಳಿಕೆ, ಪಕ್ಕದಲ್ಲಿ ಸಿಲಿಂಡರು. ಚಿಕ್ಕ ಧಣಿ ಪರದೆ ಎಳೆದ. ಕಲ್ಲಿನ ಹಕ್ಕಿ ಚೆನ್ನಾಗಿಯೇ ಇತ್ತು. ಕೆಳಗಿನ ಬರಹವನ್ನು ಮಗಳು ಓದಿ ಹೇಳಿದಳು: “ಕಾಲನ ಓಟದಲ್ಲಿ ಕಣ್ಮರೆಯಾದ ಇಂಪಾದ ಹಾಡುಗಾರನ ನೆನಪಿಗೆ.”

“ಮದ್ದು?”

“ಇಲ್ಲಮ್ಮ.”

ಅಷ್ಟರಲ್ಲಿ ಲೌಡ್‌ಸ್ಪೀಕರು ಹಾಡಿತು. ಜನ ತಲೆಯೆತ್ತಿ ಮರಗಳ ಕಡೆ ನೋಡಿದರು. ಎಳೆದದ್ದು ಒಂದು, ಹತ್ತಿದ್ದು ಎರಡು, ಕಿರುಗು. ಆಮೇಲೆ ಟಿಕ್ ಟಿಕ್. ಹಿಂದಿನ ಸಾಲಿನ ನಾಲ್ಕು ಮುದುಕಿಯರೂ ಒಟ್ಟಿಗೆ, ಯಾರೋ ಗುದ್ದಿದಂತೆ, ಬೆನ್ನು ಬಗ್ಗಿಸಿ ಎಡಗೈಯಿಂದ ಇಲ್ಲದ ಹಿಡಿಕೆ ಒತ್ತಿದರು. ಏನು ಮಾಡಿದೆವು ಅಂತ ಗೊತ್ತಾದಾಗ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದರು. ನಳಿಕೆ ಹಾಕಿದವಳೂ ನಕ್ಕಳು.

“ಯಾಕಮ್ಮ ನಗ್ತೀರಿ?” ಅಂದ ಚಿಕ್ಕ ಧಣಿ ಮೈಕಿನಲ್ಲೇ.

ಸಿಳ್ಳೆಕ್ಕ ಎದ್ದು ನಿಂತಳು. “ಆ ಟಿಕ್ ಟಿಕ್ ಹಕ್ಕೀದಲ್ಲ ಧಣಿ, ನಮ್ಮದು. ಮೇಸ್ತ್ರಿ ಬಂದ ಹುಷಾರು ಅಂತ. ನಿಮ್ಮಪ್ಪನ ಕಾಲದ್ದು. ಅವತ್ತು ನಿಮ್ಮ ಬೂಟು ಕೇಳಿ ಬಂದ್ಬಿಡ್ತು.”

ಮೊದಲ ಸಾಲಿನಲ್ಲಿ ಒಂದೆರಡು ಕಡೆ ನಗು ಕಿಸಕ್ಕೆಂದಿತು. ಚಿಕ್ಕ ಧಣಿಯ ಮುಖ ಸೇಬಾಯಿತು. ಆ ತುಂಡು ಕತ್ತರಿಸಿ ಹಾಕೋಣ ಅಂದ.

“ಕತ್ತರಿಸಿ. ಮೊದಲು ಕಲ್ಲಿನ ಮೇಲೆ ಹೇಳಿದ ಮಾತು ಬರೆಸಿ. ನೀವು ಮಾತು ಕೊಟ್ಟಿದ್ರಿ.”

“ನೋಡೋಣ ಅಂದಿದ್ದೆ.”

“ನೋಡಿ ಮತ್ತೆ. ಎಲ್ರೂ ನೋಡ್ತಾ ಇದ್ದಾರೆ.”

ಅವನು ಸೈಟಿನವರ ಕಡೆ ಕೈ ತೋರಿಸಿದ. ಅಲ್ಲಿದ್ದದ್ದು ಅವನ ನಿಜವಾದ ಗುರಾಣಿ. “ಇದು ನನ್ನೊಬ್ಬನ ಪಾರ್ಕಲ್ಲಮ್ಮ. ಇಲ್ಲಿ ಇಷ್ಟು ಜನ ಮನೆ ಕಟ್ಟಿದ್ದಾರೆ. ಈ ಮಣ್ಣಿಗೆ ಮದ್ದು ಹೊಡೆದಿದ್ರು ಅಂತ ಕಲ್ಲಲ್ಲಿ ಕೆತ್ತಿದ್ರೆ ನಾಳೆ ಇವರ ಮನೆ ಯಾರು ಕೊಳ್ತಾರೆ? ಇವರೆಲ್ಲ ಸಭೆಯಲ್ಲಿ ಒಪ್ಪಿ ಕೈ ಎತ್ತಲಿ, ಮಾರನೇ ದಿನ ಬರೆಸ್ತೀನಿ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸೈಟಿನವರು ತಮ್ಮ ತಮ್ಮ ಬೂಟಿನ ತುದಿ ನೋಡಿಕೊಂಡರು. ಹುಳದ ಮೇಡಂ ಒಬ್ಬಳು ಎದ್ದು, ಅವರು ಹೇಳುವುದು ನಿಜ, ನನ್ನ ಹತ್ತಿರ ಹುಳ ಇದೆ, ಅದರ ಮೈಯಲ್ಲೇ ಮದ್ದಿನ ಲೆಕ್ಕ ಇದೆ ಅಂದಳು. ಹುಳದ ಮಾತಿಗೆ ಯಾರೂ ಕೈ ಎತ್ತಲಿಲ್ಲ. ಕಾಫಿ ಬಂತು, ಎಲ್ಲರೂ ಎದ್ದರು.

ಸಿಳ್ಳೆಕ್ಕ ಮಾರನೇ ದಿನವೇ ಸೀಮೆಸುಣ್ಣ ಹಿಡಿದು ಹೋದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ, ಮಗಳ ಹತ್ತಿರ ಒಂದು ಸಾಲು ಬರೆಸಿಕೊಂಡು, ಚಿತ್ರ ಬಿಡಿಸಿದ ಹಾಗೆ ಕಲ್ಲಿನ ಮೇಲೆ ಬಿಡಿಸಿದಳು: “ಕೊಂದದ್ದು ಮದ್ದು. ಹೊಡೆದವರು ನಾವು. ಹೊಡೆಸಿದವರು ತೋಟದವರು.” ಹೊಡೆದವರು ನಾವು ಅನ್ನುವುದನ್ನು ಬಿಡು, ನಮ್ಮ ಮೇಲೇ ಬರುತ್ತದೆ ಅಂತ ನಾದಿನಿ ಅಂದಿದ್ದಳು. “ಬರ್ಲಿ. ಅರ್ಧ ನಿಜ ಬರೆಯೋಕೆ ಅವರಿದ್ದಾರಲ್ಲ” ಅಂದಿದ್ದಳು ಸಿಳ್ಳೆಕ್ಕ.

ಒರೆಸುವ ಕೆಲಸ ಬಿದ್ದದ್ದು ಅಳಿಯನ ಮೇಲೆ. ಅತ್ತೆ ಬರೆಯುವುದು, ಅಳಿಯ ಒರೆಸುವುದು. ಮಗಳು ಬಂದು ರಂಪ ಮಾಡಿದಳು: “ನನ್ನ ಗಂಡನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲಮ್ಮ! ಕಾಯಂ ಆಗೋ ಹೊತ್ತಲ್ಲಿ!”

“ಒರೆಸ್ಬೇಡ ಅಂದ್ನಾ? ಅವನ ಕೆಲಸ ಅವನು ಮಾಡ್ಲಿ, ನನ್ನ ಕೆಲಸ ನಾನು ಮಾಡ್ತೀನಿ.”

ಅಳಿಯ ಬಾಯಿಬಿಟ್ಟು ಏನೂ ಹೇಳುವವನಲ್ಲ. ಮೊದಲು ಬೆಳಿಗ್ಗೆ ಗೇಟು ತೆರೆಯುತ್ತಿದ್ದ ಹಾಗೇ ಒರೆಸುತ್ತಿದ್ದ. ಈಗ ಸಂಜೆ ಬೀಗ ಹಾಕುವಾಗ ಒರೆಸುತ್ತಾನೆ. ಅಷ್ಟು ಹೊತ್ತಿಗೆ ವಾಕಿಂಗ್ ಬಂದವರೆಲ್ಲ ಓದಿಕೊಂಡು ಹೋಗಿರುತ್ತಾರೆ. ಒದ್ದೆ ಬಟ್ಟೆ ಯಾವಾಗಲೂ ಕೈಗೆ ಸಿಗುವುದು ತಡವಾಗುತ್ತದೆ ಅಂತ ಕಮಿಟಿಗೆ ಹೇಳಿದ್ದಾನೆ. ಅವನ ಕೆಲಸ ಇವತ್ತಿಗೂ ಕಾಯಂ ಆಗಿಲ್ಲ.

ಮಳೆಗಾಲ ಮುಗಿಯುವ ಮುಂಚೆ ನಾದಿನಿ ಹೋದಳು. ಸಿಲಿಂಡರಿನವನು ಸಾಯಂಕಾಲವೇ ಬಂದು ಸಿಲಿಂಡರು ಎತ್ತಿಕೊಂಡು ಹೋದ. ಸಿಳ್ಳೆಕ್ಕ ಮೂರು ದಿನ ಪಾರ್ಕಿಗೆ ಹೋಗಲಿಲ್ಲ, ನಾಲ್ಕನೇ ದಿನ ಹೋದಳು. ಅವಳ ಕಲ್ಲಿನ ಮೇಲೆ ಆಗಲೇ ಯಾರೋ ಬರೆದಿದ್ದರು, ಅದೇ ಸಾಲು, ಮಗಳ ಅಕ್ಷರ.

ಟಿಕ್ ಟಿಕ್ ಈಗಲೂ ಇದೆ. ಅದನ್ನು ಕತ್ತರಿಸಿದರೆ ಕೊನೆಯ ಕಿರುಗೂ ಕೆಡುತ್ತದೆ ಅಂತ ಧ್ವನಿಯವನು ಹೇಳಿದನಂತೆ. ದಿನಾ ಬೆಳಿಗ್ಗೆ ಇಲ್ಲದ ಹಕ್ಕಿ ಕೂಗಿ, ಮೇಸ್ತ್ರಿ ಬಂದ ಅಂತ ಎಚ್ಚರಿಸುತ್ತದೆ. ಪಾರ್ಕಿನ ದೀಪಗಳ ಸುತ್ತ ಬೂದಿಹುಳ ಮುತ್ತಿಕೊಳ್ಳುತ್ತದೆ, ಆರು ಮುದಿ ಮರಗಳು ಪ್ರತಿ ಹಂಗಾಮಿಗೂ ಬೋಳಾಗುತ್ತವೆ. ಹೆಕ್ಕಿ ತಿನ್ನುವವರಿಲ್ಲ. ಮತ್ತೆ ಮದ್ದು ಹೊಡೆಸೋಣ ಅನ್ನುವ ಮಾತು ಕಮಿಟಿಯಲ್ಲಿ ಬಂದಿದೆ, ಪಂಪು ಹೊರುವ ಹೆಂಗಸರನ್ನು ಹುಡುಕುತ್ತಿದ್ದಾರೆ.

ಆ ಸೈಟು ಕೊಂಡವರು ನೀವು. ಅಂಥದೇ ಯಾವುದೋ ತೋಟ ಕಡಿದ ಜಾಗದಲ್ಲಿ ಮನೆ ಕಟ್ಟಿ, ಅಂಥದೇ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವವರೂ ನೀವೇ. ಕಲ್ಲಿನ ಮೇಲಿನ ಸೀಮೆಸುಣ್ಣ ನೀವು ಓದಿದ್ದೀರಿ. ಮುಂದಿನ ಸಭೆಯಲ್ಲಿ ಚಿಕ್ಕ ಧಣಿ ಕೇಳುತ್ತಾನೆ, ಆ ಸಾಲು ಕಲ್ಲಿನಲ್ಲಿ ಕೆತ್ತಿಸಲು ಯಾರಾದರೂ ಒಪ್ಪುತ್ತೀರಾ ಅಂತ. ಉಳಿದಿರುವವರು ಮೂವರು, ಸಿಳ್ಳೆಕ್ಕನ ಉಸಿರು ಮೆಟ್ಟಿಲಿಗೂ ಸಾಲುತ್ತಿಲ್ಲ. ಬೂದಿಹುಳಕ್ಕೆ ಬಾಯಿಲ್ಲ, ಅದರ ತಪ್ಪಲ್ಲ. ನಿಮಗಿದೆ. ಕೈಯೂ ಇದೆ. ಎತ್ತುತ್ತೀರೋ ಇಲ್ಲವೋ, ಈಗಲೇ ಹೇಳಿ.